ಸೋರುವ ಮಿನಿ ಜೆಟ್ ದೋಣಿ: ತೂತು ಹುಡುಕುವುದರಿಂದ ಬೆಸುಗೆಯವರೆಗೆ

ದೋಣಿಯೊಳಗೆ ನೀರು ಕಂಡ ಕೂಡಲೇ ಕೈ ಸೀಲೆಂಟ್ ಟ್ಯೂಬಿನ ಕಡೆಗೆ ಹೋಗುತ್ತದೆ. ದಯವಿಟ್ಟು ಅದನ್ನು ಇದ್ದಲ್ಲೇ ಬಿಡಿ. ನೀರು ನಿಂತ ಜಾಗ ಬೇರೆ, ನೀರು ಒಳಬಂದ ಜಾಗ ಬೇರೆ. ಎಲ್ಲೋ ಮುಂದೆ ನುಗ್ಗಿದ ನೀರು ಪಟ್ಟಿಗಳ ಸಂದಿಯಲ್ಲಿ ಹರಿದು, ಎಂಜಿನ್ ಅಡಿಯಲ್ಲಿ ಹಾದು, ಹಿಂಬದಿಯ ತಗ್ಗಿನಲ್ಲಿ ಬಂದು ಕೂರುತ್ತದೆ. ಅಲ್ಲಿ ಅಂಟು ಮೆತ್ತುವುದೆಂದರೆ ಹುತ್ತ ಬಡಿದ ಹಾಗೆ. ಹಾವು ಒಳಗೇ ಇರುತ್ತದೆ.

ನಾನಿರುವುದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ. ಊರಿನ ಉತ್ತರಕ್ಕೆ ವೈಮಾಕರೀರಿ ನದಿ ಹರಿಯುತ್ತದೆ. ಒಂದೇ ಹರಿವಲ್ಲ ಅದು, ಜಡೆ ಹೆಣೆದಂತೆ ಬಿಚ್ಚಿ ಸೇರುವ ಕವಲುಗಳು. ಕೆಲವು ಕಡೆ ನೀರು ಪಾದ ಮುಳುಗುವಷ್ಟೇ ಇರುತ್ತದೆ, ತಳವೆಲ್ಲ ಉರುಟು ಕಲ್ಲು. ಇಂಥ ನದಿಗಳಲ್ಲಿ ಪ್ರೊಪೆಲ್ಲರ್ ಉಳಿಯುವುದಿಲ್ಲ ಅಂತಲೇ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ದಕ್ಷಿಣ ದ್ವೀಪದ ಮೆಕೆಂಜಿ ಸೀಮೆಯ ಐರಿಷ್‌ಮನ್ ಕ್ರೀಕ್ ಎಂಬ ತನ್ನ ಕುರಿ ಫಾರ್ಮಿನಲ್ಲಿ, ತಳದಿಂದ ನೀರೆಳೆದು ಹಿಂದಕ್ಕೆ ಚಿಮ್ಮಿಸಿ ಓಡುವ ಜೆಟ್ ದೋಣಿಯನ್ನು ಪಳಗಿಸಿದ. 1960ರಲ್ಲಿ ಅವನ ದೋಣಿಗಳು ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ ಕೊಲರಾಡೊ ನದಿಯನ್ನು ಪ್ರವಾಹಕ್ಕೆ ಎದುರಾಗಿ ಹತ್ತಿದವು. ಆ ವಂಶದ ಕಿರಿಯ ಕುಡಿಯೇ ಮಿನಿ ಜೆಟ್. ಹಳೆಯ ಜೆಟ್ ಸ್ಕೀಯಿಂದ ಎಂಜಿನ್ ಮತ್ತು ಪಂಪು ಬಿಚ್ಚಿ, ಮೂರು ನಾಲ್ಕು ಮೀಟರಿನ ಅಲ್ಯೂಮಿನಿಯಂ ಒಡಲಿಗೆ ಮನೆಯಲ್ಲೇ ಕೂರಿಸಿದ ದೋಣಿ. ನನ್ನದು ಅಂಥದ್ದು: ತಳಕ್ಕೆ 4 ಮಿ.ಮೀ. ತಗಡು, ಪಕ್ಕಗಳಿಗೆ 3 ಮಿ.ಮೀ.

ಕಾರ್ಖಾನೆಯ ದೋಣಿಗೂ ನಾವು ಕಟ್ಟಿದ್ದಕ್ಕೂ ಸೋರಿಕೆಯಲ್ಲಿ ಒಂದು ವ್ಯತ್ಯಾಸವಿದೆ. ಬೇರೆ ಒಡಲಿಗಾಗಿ ಮಾಡಿದ ಪಂಪನ್ನು ನಾವು ತಂದು ಜೋಡಿಸಿರುತ್ತೇವೆ. ಹಾಗಾಗಿ ತಗಡಿಗಿಂತ ಜೋಡಣೆಯಲ್ಲೇ ಸೋರಿಕೆ ಹೆಚ್ಚು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಹುಡುಕಿ.

ಯಾವಾಗ ಸೋರುತ್ತದೆ?

ಎಲ್ಲಿ ಎಂದು ಕೇಳುವ ಮೊದಲು ಯಾವಾಗ ಎಂದು ಕೇಳಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಒಳಭಾಗವನ್ನು ಬಟ್ಟೆಯಿಂದ ಪೂರ್ತಿ ಒರೆಸಿ ಒಣಗಿಸಿ, ದೋಣಿಯನ್ನು ಆಳವಿಲ್ಲದ ನಿಂತ ನೀರಿಗೆ ಇಳಿಸಿ, ಎಂಜಿನ್ ಹಚ್ಚದೆ ಅರ್ಧ ಗಂಟೆ ಬಿಡಿ. ಬಂದ ನೀರನ್ನು ಸ್ಪಂಜಿನಲ್ಲಿ ಹೀರಿ ಬಕೆಟ್ಟಿಗೆ ಹಿಂಡಿ ಅಳೆಯಿರಿ. ಮತ್ತೆ ಒಣಗಿಸಿ, ದೋಣಿಯನ್ನು ಕಟ್ಟಿಹಾಕಿ ಎಂಜಿನ್ ನಿಧಾನಗತಿಯಲ್ಲಿ ಹತ್ತು ನಿಮಿಷ ಓಡಿಸಿ ಅಳೆಯಿರಿ. ಮೂರನೆಯ ಸಲ ವೇಗವಾಗಿ ಹತ್ತು ನಿಮಿಷ ಓಡಿಸಿ ಬಂದು ಅಳೆಯಿರಿ. ಮೂರೂ ಅಂಕಿಗಳನ್ನು ಬರೆದಿಟ್ಟುಕೊಳ್ಳಿ.

ನಿಂತಾಗಲೇ ಸೋರಿದರೆ ಬಿರಡೆ (ಒಳಗಿನ ನೀರು ಬಿಡುವ ತೂತಿನ ಮುಚ್ಚಳ), ತಳದ ಬಿರುಕು, ನೀರೆಳೆಯುವ ಬಾಯಿಯ ಸುತ್ತಲಿನ ಜೋಡಣೆ, ಶಾಫ್ಟ್ ಸೀಲು (ಎಂಜಿನ್ನಿನಿಂದ ಪಂಪಿಗೆ ಹೋಗುವ ತಿರುಗುವ ಕಂಬಿಯ ಸುತ್ತ ನೀರು ತಡೆಯುವ ಭಾಗ), ಇಲ್ಲವೇ ಹಿಂದಕ್ಕೆ ಹರಿಯುವ ಯಾವುದಾದರೂ ಪೈಪು ಕಾರಣ. ಎಂಜಿನ್ ಓಡುವಾಗ ಮಾತ್ರ ಸೋರಿದರೆ ಕೂಲಿಂಗ್ ನೀರಿನ ಪೈಪುಗಳನ್ನು ನೋಡಿ. ಪಂಪಿನ ಒತ್ತಡದ ಬದಿಯಿಂದ ಬರುವ ನೀರು ಅದು, ಸಣ್ಣ ಕ್ಲಾಂಪು ಸಡಿಲಾದರೂ ಚಿಮ್ಮುತ್ತದೆ. ವೇಗದಲ್ಲಿ ಮಾತ್ರ ಸೋರಿದರೆ ಅಲೆ ಬಡಿದಾಗ ಬಾಯಿಬಿಡುವ ಬಿರುಕು, ಅಥವಾ ನೀರಿನ ಮಟ್ಟಕ್ಕಿಂತ ಮೇಲಿರುವ ಹಿಂಗೋಡೆಯ ತೂತುಗಳು.

ಇನ್ನೊಂದು ಲಕ್ಷಣ ಜೆಟ್ ದೋಣಿಗೇ ವಿಶೇಷ. ನಿಂತಾಗ ಸ್ವಲ್ಪ ನೀರು ಬರುತ್ತದೆ. ಹೊರಡುವಾಗ ಎಂಜಿನ್ ಕಿರುಚುತ್ತದೆ, ದೋಣಿ ಮಾತ್ರ ಎಳೆಯುವುದಿಲ್ಲ. ಇವೆರಡು ಬೇರೆ ಬೇರೆ ರೋಗವೆಂದು ಬಹಳ ಜನ ಭಾವಿಸುತ್ತಾರೆ. ಒಂದೇ ಸಂದು ಎರಡೂ ಕೆಲಸ ಮಾಡುತ್ತಿರುತ್ತದೆ. ನಿಂತಾಗ ಹೊರಗಿನ ನೀರು ಆ ಸಂದಿನಲ್ಲಿ ಒಳಗೆ ಬರುತ್ತದೆ. ಗ್ಯಾಸ್ ಕೊಟ್ಟಾಗ ಪಂಪಿನ ಬಾಯಲ್ಲಿ ಹೀರುವಿಕೆ ಹುಟ್ಟಿ, ಅದೇ ಸಂದಿನಲ್ಲಿ ದೋಣಿಯೊಳಗಿನ ಗಾಳಿ ಪಂಪಿಗೆ ಹೋಗುತ್ತದೆ. ಗಾಳಿ ನುಂಗಿದ ಇಂಪೆಲ್ಲರಿಗೆ, ಅಂದರೆ ಪಂಪಿನೊಳಗಿನ ರೆಕ್ಕೆಚಕ್ರಕ್ಕೆ, ಹಿಡಿತ ಸಿಗುವುದಿಲ್ಲ. ಹೀಗಾಗುತ್ತಿದ್ದರೆ ತಗಡಿನ ಕಡೆ ಆಮೇಲೆ ಹೋಗಿ, ಮೊದಲು ನೀರೆಳೆಯುವ ಬಾಯಿಯ ಜೋಡಣೆ ಮತ್ತು ಶಾಫ್ಟ್ ಸೀಲನ್ನೇ ಹಿಡಿಯಿರಿ.

ಸೋರಿಕೆ ಸಣ್ಣದು ಎಂದು ಬಿಡುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ನೀರಿನ ಮಟ್ಟದಿಂದ 30 ಸೆಂ.ಮೀ. ಕೆಳಗೆ 6 ಮಿ.ಮೀ. ತೂತಿದ್ದರೆ ನಿಮಿಷಕ್ಕೆ ಸುಮಾರು ಎರಡೂವರೆ ಲೀಟರ್, ಗಂಟೆಗೆ 150 ಲೀಟರ್ ಹತ್ತಿರ ನೀರು ಬರುತ್ತದೆ. ಅದೇ ಆಳದಲ್ಲಿ 25 ಮಿ.ಮೀ. ತೂತಾದರೆ ನಿಮಿಷಕ್ಕೆ 43 ಲೀಟರ್. ಬಿರಡೆ ಮರೆತರೆ ಏನಾಗುತ್ತದೆ ಎಂಬುದು ಈ ಎರಡನೆಯ ಅಂಕಿಯಲ್ಲೇ ಇದೆ.

ಶುರು ಮಾಡುವ ಮುನ್ನ

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ದೋಣಿಯ ತಗ್ಗಿನಲ್ಲಿ ಇಳಿದು ಕೂತಿರುತ್ತದೆ. ಎಂಜಿನ್ ಮುಚ್ಚಳ ತೆಗೆದು ಗಾಳಿಯಾಡಲು ಬಿಡಿ. ಬ್ಲೋವರ್ ಇದ್ದರೆ ಎಂಜಿನ್ ಹಚ್ಚುವ ಮುಂಚೆ ಕನಿಷ್ಠ ನಾಲ್ಕು ನಿಮಿಷ ಓಡಿಸಿ, ಮೂಗಿನಿಂದಲೂ ಪರೀಕ್ಷಿಸಿ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಬೇಡಿ, ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ತಿರುಗುವ ಶಾಫ್ಟಿನ ಹತ್ತಿರ ಸಡಿಲ ತೋಳು, ದಾರ, ಬಿಟ್ಟ ಕೂದಲು ಬೇಡವೇ ಬೇಡ. ಟಾರ್ಚು ಹಿಡಿದು ದೂರದಿಂದ ನೋಡಿ.

ಹುಡುಕುವ ಕೆಲಸ

ಮೊದಲು ಬಿರಡೆ. ರಬ್ಬರ್ ಒಣಗಿ ಸೀಳಿದೆಯೇ, ಬಿರಡೆ ಕೂರುವ ಹಿತ್ತಾಳೆ ಅಥವಾ ಪ್ಲಾಸ್ಟಿಕ್ ಬಳೆಯ ಸ್ಕ್ರೂ ಸಡಿಲವಾಗಿದೆಯೇ, ಬಳೆಯ ಹಿಂದೆ ಸೀಲೆಂಟ್ ಇದೆಯೇ, ಮೂರನ್ನೂ ನೋಡಿ. ಹಿತ್ತಾಳೆ ಬಳೆಯಾಗಿದ್ದರೆ ತೆಗೆದು ಬಿಸಾಕಿ. ಹಿತ್ತಾಳೆಯ ತಾಮ್ರ ಅಲ್ಯೂಮಿನಿಯಮನ್ನು ತಿನ್ನುತ್ತದೆ. ಬಳೆಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ತಿಂದ ಗುರುತು.

ಆಮೇಲೆ ದೋಣಿಯನ್ನು ತಲೆಕೆಳಗು ಮಾಡುವ ಬದಲು ಒಳಗೆ ನೀರು ಹಾಕಿ. ಒಳಗಿನಿಂದ ಹೊರಕ್ಕೆ ಸೋರುವುದನ್ನು ಕಾಣುವುದು ಸುಲಭ. ಆದರೆ ನೀರಿನ ಭಾರ ಲೆಕ್ಕಹಾಕಿ. 4 ಮೀಟರ್ ಉದ್ದ, 1.2 ಮೀಟರ್ ಅಗಲದ ಚಪ್ಪಟೆ ತಳದಲ್ಲಿ 5 ಸೆಂ.ಮೀ. ನೀರೆಂದರೆ 240 ಕಿಲೋ. ಟ್ರೇಲರಿನ ಎರಡು ರೋಲರಿನ ಮೇಲೆ ಮಾತ್ರ ಆ ಭಾರ ಬಿದ್ದರೆ ಇಲ್ಲದ ಬಿರುಕು ಹುಟ್ಟಿಕೊಳ್ಳುತ್ತದೆ. ಉದ್ದಕ್ಕೂ ಹಲಗೆಯ ಆಧಾರ ಕೊಡಿ, ಬ್ಯಾಟರಿ ತೆಗೆಯಿರಿ, ನೀರು ಎಂಜಿನ್ನಿನ ಯಾವ ಭಾಗಕ್ಕೂ ಮುಟ್ಟದಷ್ಟೇ ಹಾಕಿ. ಟ್ರೇಲರಿನ ಮೂತಿ ಎತ್ತಿ ಹಿಂಭಾಗದಲ್ಲಿ ನೀರು ನಿಲ್ಲಿಸಿ ಒಮ್ಮೆ, ಇಳಿಸಿ ಮುಂಭಾಗದಲ್ಲಿ ನಿಲ್ಲಿಸಿ ಇನ್ನೊಮ್ಮೆ ನೋಡಿದರೆ ಕಡಿಮೆ ನೀರು ಸಾಕು.

ಹೊರಮೈ ಒಣಗಿರಬೇಕು. ಅನುಮಾನವಿರುವ ಬೆಸುಗೆಯ ಸಾಲಿಗೆ ಸೀಮೆಸುಣ್ಣ ಒತ್ತಿ ಬಳಿದುಬಿಡಿ. ಐದು ನಿಮಿಷದಲ್ಲಿ ಬಿಳಿಯ ಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆ ಮೂಡುತ್ತದೆ, ಅದರ ಕೆಳತುದಿಯಲ್ಲಿ ಹನಿ ದುಂಡಗಾಗುತ್ತದೆ. ಆ ಗೆರೆಯ ಎರಡೂ ತುದಿಗೆ ಮಾರ್ಕರಿನಲ್ಲಿ ಗುರುತು ಹಾಕಿ. ಒಣಗಿದ ಮೇಲೆ ಬಿರುಕು ಕಣ್ಣಿಗೆ ಕಾಣುವುದೇ ಇಲ್ಲ. ಒಂದೇ ಕಡೆ ಸಿಕ್ಕಿತೆಂದು ನಿಲ್ಲಿಸದೆ ಪೂರ್ತಿ ಸುತ್ತು ಹಾಕಿ. ಬೆಸುಗೆ ಶುರುವಾದ ಜಾಗ, ನಿಂತ ಜಾಗ, ತಳ, ಪಕ್ಕ, ಹಿಂಗೋಡೆ ಮೂರೂ ಕೂಡುವ ಮೂಲೆ, ಒಳಗಿನ ಉದ್ದಪಟ್ಟಿ ತಟ್ಟನೆ ಮುಗಿಯುವ ತುದಿ, ಇವು ನಾಲ್ಕು ಮಾಮೂಲಿ ಅಪರಾಧಿಗಳು.

ಸೀಮೆಎಣ್ಣೆ ಬಳಿದು ಆಚೆ ಬದಿ ಸುಣ್ಣದಲ್ಲಿ ಕಲೆ ನೋಡುವ ಹಳೆಯ ಪದ್ಧತಿಯೂ ಇದೆ, ನೀರು ನುಸುಳದ ತೂತಿನಲ್ಲೂ ಅದು ನುಸುಳುತ್ತದೆ. ಬೆಸುಗೆ ಹಾಕಬೇಕಾದ ಜಾಗದಲ್ಲಿ ನಾನದನ್ನು ಮಾಡುವುದಿಲ್ಲ. ಬಿರುಕಿನೊಳಗೆ ಕೂತ ಎಣ್ಣೆ ಬೆಸುಗೆಯನ್ನೆಲ್ಲ ಗುಳ್ಳೆ ಮಾಡುತ್ತದೆ.

ದೋಣಿಯಲ್ಲಿ ತೇಲುವಿಕೆಗೆಂದು ಪೂರ್ತಿ ಮುಚ್ಚಿದ ಗಾಳಿಕೋಣೆಗಳಿದ್ದರೆ ಅವುಗಳ ಕಥೆ ಬೇರೆ. ಬಿಸಿಲಲ್ಲಿ ಟ್ರೇಲರಿನ ಮೇಲೆ ಕಾದ ಕೋಣೆ ತಣ್ಣಗಿನ ನದಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಸೂಜಿಮೊನೆಯಷ್ಟು ತೂತಿನಿಂದಲೂ ನೀರನ್ನು ಹೀರಿಕೊಳ್ಳುತ್ತದೆ. ಪರೀಕ್ಷೆಗೆ ಸೋಪಿನ ನೀರು ಮತ್ತು ಅತಿ ಕಡಿಮೆ ಗಾಳಿ ಒತ್ತಡ ಸಾಕು. ಕಂಪ್ರೆಸರ್ ನೇರ ಜೋಡಿಸಬೇಡಿ. ಒಂದು ಪಿಎಸ್‌ಐ (ಚದರ ಇಂಚಿಗೆ ಒಂದು ಪೌಂಡ್ ಒತ್ತಡ) ಎಂದರೆ ಒಂದು ಚದರ ಮೀಟರ್ ತಗಡಿನ ಮೇಲೆ 700 ಕಿಲೋ ಬಲ, ತಗಡು ಹೊಟ್ಟೆ ಉಬ್ಬಿಸಿ ಬೆಸುಗೆ ಬಿಟ್ಟುಕೊಳ್ಳುತ್ತದೆ. ನಾನು ಮಾಡುವುದು ಹೀಗೆ: ಪಾರದರ್ಶಕ ಪೈಪನ್ನು ಯು ಆಕಾರದಲ್ಲಿ ಬಗ್ಗಿಸಿ ಅರ್ಧ ನೀರು ತುಂಬಿ ಕೋಣೆಗೆ ಜೋಡಿಸುತ್ತೇನೆ. ಗಾಳಿಹಾಸಿಗೆ ಊದುವ ಕೈಪಂಪಿನಿಂದ ಊದುತ್ತಾ ಎರಡು ಕೊಳವೆಗಳ ನೀರಿನ ಮಟ್ಟಕ್ಕೆ 30 ಸೆಂ.ಮೀ. ಅಂತರ ಬಂದಾಗ ನಿಲ್ಲಿಸುತ್ತೇನೆ. ಅದು ಅರ್ಧ ಪಿಎಸ್‌ಐಗಿಂತ ಕಡಿಮೆ. ಮಟ್ಟ ಇಳಿಯುತ್ತಿದ್ದರೆ ಸೋಪಿನ ಗುಳ್ಳೆ ಎಲ್ಲೋ ಎದ್ದಿರುತ್ತದೆ.

ಫೋಮ್ ತುಂಬಿದ ಒಡಲಾಗಿದ್ದರೆ ಮೊದಲು ಒಂದು ತುಂಡು ಕೊಯ್ದು ಹಿಂಡಿ ನೋಡಿ. ನೀರು ಕುಡಿದ ಫೋಮ್ ಒಣಗುವುದಿಲ್ಲ, ಕಿತ್ತು ಹಾಕಬೇಕು.

ಜೆಟ್ಟಿನ ಸುತ್ತಮುತ್ತ

ಈ ಭಾಗಕ್ಕೆ ಸಮಯ ಕೊಡಿ, ಮಿಕ್ಕೆಲ್ಲದಕ್ಕಿಂತ ಹೆಚ್ಚು.

ಮನೆಯಲ್ಲಿ ಕಟ್ಟುವವರು ಎರಡು ದಾರಿ ಹಿಡಿಯುತ್ತಾರೆ. ಕೆಲವರು ಜೆಟ್ ಸ್ಕೀಯ ಫೈಬರ್‌ಗ್ಲಾಸ್ ಒಡಲಿನಿಂದ ನೀರೆಳೆಯುವ ಸುರಂಗವನ್ನೇ ಕೊಯ್ದು ತಂದು ಅಲ್ಯೂಮಿನಿಯಂ ತಳಕ್ಕೆ ಬೋಲ್ಟು ಮತ್ತು ಅಂಟಿನಿಂದ ಕೂರಿಸುತ್ತಾರೆ. ಇನ್ನು ಕೆಲವರು ಸುರಂಗವನ್ನು ಅಲ್ಯೂಮಿನಿಯಮಿನಲ್ಲೇ ಬಗ್ಗಿಸಿ ಬೆಸೆಯುತ್ತಾರೆ. ಎರಡನೆಯದು ಕಷ್ಟ, ಆದರೆ ಸೋರಿಕೆ ವಿಚಾರದಲ್ಲಿ ಅದೇ ಮೇಲು. ಮೊದಲ ಬಗೆಯಲ್ಲಿ ಅಂಟಿನ ಜೋಡಣೆಗೆ ಬಿಡುವೇ ಇಲ್ಲ: ಎಂಜಿನ್ ನಡುಕ, ಅಲೆಯ ಬಡಿತ, ಪಂಪಿನ ನೂಕು ಎಲ್ಲವೂ ಅಲ್ಲಿಗೇ ಬಂದು ಬೀಳುತ್ತವೆ.

ಈ ಜೋಡಣೆ ಸೋರುತ್ತಿದ್ದರೆ ಹೊರಗಿನಿಂದ ಅಂಟಿನ ಗೆರೆ ಎಳೆಯುವುದರಿಂದ ಏನೂ ಆಗದು. ಬೋಲ್ಟು ಬಿಚ್ಚಿ, ಸುರಂಗವನ್ನು ಪೂರ್ತಿ ಇಳಿಸಿ, ಹಳೆಯ ಅಂಟನ್ನು ಪ್ಲಾಸ್ಟಿಕ್ ಉಳಿಯಿಂದ ಕೆರೆದು ತೆಗೆಯಿರಿ. ಎರಡೂ ಮೈಗಳನ್ನು 80ರ ಉಪ್ಪುಕಾಗದದಿಂದ ಉಜ್ಜಿ, ಬಿಳಿ ಬಟ್ಟೆಯಲ್ಲಿ ಅಸಿಟೋನ್ ಹಾಕಿ ಬಟ್ಟೆಗೆ ಕಪ್ಪು ಹತ್ತದವರೆಗೂ ಒರೆಸಿ. ಅಲ್ಯೂಮಿನಿಯಂ ಗಾಳಿಗೆ ತೆರೆದ ಕೂಡಲೇ ಆಕ್ಸೈಡ್ ಪೊರೆ ಕಟ್ಟುತ್ತದೆ. ಹಾಗಾಗಿ ಉಜ್ಜಿದ ದಿನವೇ ಎಚ್ (etch) ಪ್ರೈಮರ್, ಅಂದರೆ ಲೋಹವನ್ನು ಕಚ್ಚಿ ಹಿಡಿಯುವ ತಳಬಣ್ಣ ಹೊಡೆಯಿರಿ, ಇಲ್ಲವೇ ಸೀಲೆಂಟ್ ಕಂಪನಿ ಹೇಳಿದ ಪ್ರೈಮರ್ ಬಳಸಿ. ಆಮೇಲೆ ಪಾಲಿಯುರಿಥೇನ್ ಸೀಲೆಂಟನ್ನು ಬೋಲ್ಟಿನ ತೂತುಗಳ ಒಳಸುತ್ತಿನಲ್ಲಿ ಮುರಿಯದ ಗೆರೆಯಾಗಿ ಹಾಕಿ. ಬೋಲ್ಟನ್ನು ಮೊದಲು ಕೈಬಿಗಿಗೆ ಮಾತ್ರ ಬಿಗಿದು, ಸೀಲೆಂಟ್ ಗಟ್ಟಿಯಾದ ಮೇಲೆ ಉಳಿದ ಬಿಗಿ ಕೊಡಿ. ಒಂದೇ ಸಲ ಬಿಗಿದರೆ ಸೀಲೆಂಟೆಲ್ಲ ಹಿಂಡಿ ಹೊರಬಂದು ನಡುವೆ ಏನೂ ಉಳಿಯುವುದಿಲ್ಲ.

ಯಾವ ಸೀಲೆಂಟ್? ಮತ್ತೆಂದೂ ಬಿಚ್ಚದ ಜಾಗಕ್ಕೆ 3ಎಂ 5200 ಥರದ್ದು, ಬಿಚ್ಚಬೇಕಾಗುವ ಜಾಗಕ್ಕೆ 4200 ಅಥವಾ ಸಿಕಾಫ್ಲೆಕ್ಸ್ 291 ಥರದ್ದು. 5200 ಪೂರ್ತಿ ಗಟ್ಟಿಯಾಗಲು ಐದರಿಂದ ಏಳು ದಿನ ಬೇಕು, ಮಾರನೆಯ ದಿನ ನೀರಿಗೆ ಇಳಿಸಬೇಡಿ. ಬಚ್ಚಲುಮನೆಗೆ ಹಾಕುವ, ವಿನಿಗರ್ ವಾಸನೆಯ ಸಿಲಿಕೋನ್ ಬೇಡ. ಅದು ಬಿಡುವ ಅಸಿಟಿಕ್ ಆಮ್ಲ ಅಲ್ಯೂಮಿನಿಯಮಿಗೆ ಒಳ್ಳೆಯದಲ್ಲ. ಅದು ಬಿಟ್ಟುಹೋದ ಜಿಡ್ಡಿನ ಮೇಲೆ ಮುಂದೆ ಯಾವ ಅಂಟೂ, ಯಾವ ಬಣ್ಣವೂ ಹಿಡಿಯುವುದಿಲ್ಲ.

ಶಾಫ್ಟ್ ಸೀಲು. ಸೀ-ಡೂ ಬಗೆಯ ಪಂಪಿನಲ್ಲಿ ರಬ್ಬರಿನ ಮಡಿಕೆ ತೋಳೊಂದು ಕಾರ್ಬನ್ ಬಳೆಯನ್ನು ಶಾಫ್ಟಿನೊಂದಿಗೆ ತಿರುಗುವ ಸ್ಟೇನ್‌ಲೆಸ್ ಬಳೆಗೆ ಒತ್ತಿಹಿಡಿದಿರುತ್ತದೆ. ಆ ಎರಡು ನುಣುಪು ಮುಖಗಳ ನಡುವಿನ ಒತ್ತಡವೇ ಸೀಲು. ಯಮಾಹಾ ಬಗೆಯಲ್ಲಿ ಗ್ರೀಸ್ ತುಂಬಿದ ಬೇರಿಂಗ್ ಮನೆ ಮತ್ತು ತುಟಿ ಸೀಲುಗಳಿರುತ್ತವೆ. ದೋಣಿಯನ್ನು ಟ್ರೇಲರಿನ ಮೇಲೆ ಇದ್ದ ಹಾಗೇ ಪಂಪು ಮುಳುಗುವಷ್ಟು ನೀರಿಗೆ ಇಳಿಸಿ, ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಡಿ. ಸೀಲು ಹೋಗಿದ್ದರೆ ಶಾಫ್ಟಿನ ಸುತ್ತ ಮಂಜಿನಂಥ ತುಂತುರು ಬಳೆಯಾಗಿ ಹಾರುವುದು ಬೆಳಕಿನಲ್ಲಿ ಕಾಣುತ್ತದೆ, ಎದುರಿನ ತಗಡಿನ ಮೇಲೆ ಅದೇ ಅಗಲದ ಒದ್ದೆ ಪಟ್ಟಿ ಮೂಡುತ್ತದೆ.

ಕಾರ್ಬನ್ ಬಳೆಯಲ್ಲಿ ಗೀರು, ಚಕ್ಕೆ ಎದ್ದ ಅಂಚು ಇದ್ದರೆ ಬದಲಿಸಿ, ಜೊತೆಗೆ ಸ್ಟೇನ್‌ಲೆಸ್ ಬಳೆಯ ಒಳಗಿನ ಓ-ರಿಂಗುಗಳನ್ನೂ ಬದಲಿಸಿ. ಕಾರ್ಬನ್ ಸೀಲಿಗೆ ನೀರೇ ಎಣ್ಣೆ. ದೋಣಿಯನ್ನು ನೀರಿಲ್ಲದೆ ಓಡಿಸಿದರೆ ಮುಖ ಸುಟ್ಟುಹೋಗುತ್ತದೆ. ಹೊಸ ಸೀಲು ಹಾಕಿದ ಕೆಲವೇ ತಿಂಗಳಲ್ಲಿ ಮತ್ತೆ ಹೋದರೆ ಸೀಲನ್ನು ಬೈಯಬೇಡಿ, ಎಂಜಿನ್ನೂ ಪಂಪೂ ಒಂದೇ ಗೆರೆಯಲ್ಲಿಲ್ಲ. ಬಳೆ ಒಂದೇ ಬದಿ ಸವೆದಿರುವುದು, ಎಂಜಿನ್ನನ್ನೂ ಶಾಫ್ಟನ್ನೂ ಕೂಡಿಸುವ ಕಪ್ಲಿಂಗಿನ ಕೆಳಗೆ ಕರಿ ರಬ್ಬರಿನ ಪುಡಿ ಉದುರಿರುವುದು ಇದರ ಗುರುತು. ಎಂಜಿನ್ ಕೂರುವ ಪೀಠದ ಬುಡದಲ್ಲಿ ಬಿರುಕಿದೆಯೇ ನೋಡಿ. ಪೀಠ ಅಲುಗಾಡಿದರೆ ಗೆರೆ ಹೇಗೆ ನಿಂತೀತು? ಅಡಿಗೆ ಶಿಮ್ (ತೆಳು ತಗಡಿನ ಬಿಲ್ಲೆ) ಹಾಕಿ ಎಂಜಿನ್ ಎತ್ತರ, ಕೋನ ಸರಿಪಡಿಸಿದ ಮೇಲೆಯೇ ಹೊಸ ಸೀಲು.

ಸ್ಟೀರಿಂಗ್ ಮತ್ತು ರಿವರ್ಸ್ ಕೇಬಲ್ಲುಗಳು ಹಿಂಗೋಡೆ ದಾಟುವ ಜಾಗದ ರಬ್ಬರ್ ತೋಳುಗಳನ್ನು ಬೆರಳಿನಿಂದ ಹಿಗ್ಗಿಸಿ ನೋಡಿ. ಸುಮ್ಮನೆ ನೋಡಿದರೆ ಸೀಳು ಮಡಿಕೆಯೊಳಗೆ ಅಡಗಿರುತ್ತದೆ.

ಇನ್ನೊಂದು ವಿಷಯವನ್ನು ನಾನು ಒಂದು ಬೇಸಿಗೆ ಪೂರ್ತಿ ಕಳೆದುಕೊಂಡು ಕಲಿತೆ. ನನ್ನ ದೋಣಿ ಓಡುವಾಗ ಒಣಗಿರುತ್ತಿತ್ತು. ಜಲ್ಲಿದಿಬ್ಬಕ್ಕೆ ಕಟ್ಟಿ ಫ್ಲಾಸ್ಕಿನ ಚಹಾ ಮುಗಿಸಿ ಬರುವಷ್ಟರಲ್ಲಿ ಹತ್ತು ಲೀಟರ್ ನೀರು ಇರುತ್ತಿತ್ತು. ತಳದ ಬೆಸುಗೆ ಎರಡು ಸಲ ಕೆರೆದು ಮತ್ತೆ ಬೆಸೆದೆ, ಸುರಂಗ ಒಮ್ಮೆ ಇಳಿಸಿ ಕೂರಿಸಿದೆ. ಕೊನೆಗೆ ಒಂದು ಸಂಜೆ ಮಂಡಿಯೂರಿ ಕೂತು ಟಾರ್ಚು ಹಿಡಿದಾಗ, ಒಳಗಿನ ನೀರನ್ನು ಹೊರಗೆ ಹೀರುವ ಸೈಫನ್ ಪೈಪಿನ ಬಾಯಿಂದಲೇ ನೀರು ಸದ್ದಿಲ್ಲದೆ ಉಬ್ಬಿ ಬರುತ್ತಿರುವುದು ಕಂಡಿತು. ಜೆಟ್ ಸ್ಕೀಗಳಲ್ಲಿ ಪಂಪಿನ ನೀರು ರಭಸವಾಗಿ ಹೋಗುವಾಗ ಹುಟ್ಟುವ ಹೀರುವಿಕೆಯಿಂದಲೇ ತಳದ ನೀರನ್ನು ಹೊರಹಾಕುವ ಏರ್ಪಾಡಿರುತ್ತದೆ. ಪೈಪು ನೀರಿನ ಮಟ್ಟಕ್ಕಿಂತ ಬಹಳ ಮೇಲೆ ಕಮಾನಿನಂತೆ ಹತ್ತಿ ಇಳಿಯಬೇಕು, ಕಮಾನಿನ ನೆತ್ತಿಯಲ್ಲಿ ಗಾಳಿಗೆಂದು ಒಂದು ಪುಟ್ಟ ರಂಧ್ರ ಇರಬೇಕು. ನಾನು ಜೋಡಿಸುವಾಗ ಪೈಪನ್ನು ಚೆಂದ ಕಾಣಲೆಂದು ತಗ್ಗಿಸಿ ಕಟ್ಟಿದ್ದೆ, ಆ ರಂಧ್ರದಲ್ಲಿ ಮಣ್ಣು ಕೂತಿತ್ತು. ಎಂಜಿನ್ ನಿಂತ ಕೂಡಲೇ ಸೈಫನ್ ತಿರುಗಿ ನದಿಯನ್ನು ಒಳಗೆ ಎಳೆಯುತ್ತಿತ್ತು. ಪೈಪನ್ನು ಎತ್ತರಕ್ಕೆ ಕಟ್ಟಿ ರಂಧ್ರ ಸೂಜಿಯಿಂದ ಬಿಡಿಸಿದೆ. ಅಂದಿನಿಂದ ನನ್ನ ಪರೀಕ್ಷೆಯ ಮೊದಲ ಸಾಲೇ ಸೈಫನ್ ಪೈಪು.

ಕೂಲಿಂಗ್ ಪೈಪುಗಳನ್ನು ಮನೆಯಂಗಳದಲ್ಲೇ ತೋಟದ ಪೈಪು ಫ್ಲಶ್ ಬಾಯಿಗೆ ಜೋಡಿಸಿ ನೋಡಬಹುದು. ನದಿ ನೀರಿನಿಂದಲೇ ತಂಪಾಗುವ ಎಂಜಿನ್ನುಗಳಲ್ಲಿ ಕ್ರಮ ತಪ್ಪಬಾರದು: ಮೊದಲು ಎಂಜಿನ್, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು, ಆಮೇಲೆ ಎಂಜಿನ್. ತಿರುವುಮುರುವಾದರೆ ಎಕ್ಸಾಸ್ಟ್ ತುಂಬಿ ನೀರು ಸಿಲಿಂಡರಿಗೆ ಹೋಗಬಹುದು. ಕಾರ್ಬನ್ ಸೀಲಿನ ದೃಷ್ಟಿಯಿಂದ ಇದನ್ನು ಒಂದು ನಿಮಿಷದೊಳಗೆ ಮುಗಿಸಿ.

ತಗಡಿನ ಬಿರುಕು: ಬೆಸುಗೆ

ಹರಿಗೋಲಿಗೆ ಡಾಂಬರು ಬಳಿದರೆ ನಿಲ್ಲುತ್ತದೆ. ಎರಡೂ ಬಾಗುತ್ತವೆ, ಒಟ್ಟಿಗೇ ಬಾಗುತ್ತವೆ. ಕಲ್ಲಿನ ಮೇಲೆ ಹಾರುವ ಅಲ್ಯೂಮಿನಿಯಂ ತಳದ ಬಿರುಕಿಗೆ ಮೇಲೆ ಬಳಿದದ್ದು ನಿಲ್ಲದು. ಬಿರುಕು ಅದರ ಅಡಿಯಲ್ಲೇ ಬೆಳೆಯುತ್ತ ಹೋಗುತ್ತದೆ. ಬೆಸೆಯಲೇಬೇಕು. ನಿಮಗೆ ಬಾರದಿದ್ದರೆ ಬಲ್ಲವರಿಗೆ ಒಯ್ಯಿರಿ, ಆದರೆ ಮುಂಚಿನ ತಯಾರಿ ನೀವೇ ಮಾಡಿ. ಅದರಲ್ಲೇ ಇರುವುದು ಗುಟ್ಟು.

ಪೆಟ್ರೋಲ್ ಟ್ಯಾಂಕು ಇಳಿಸಿ ದೋಣಿಯಿಂದ ಆಚೆ ಇಡಿ. ಬ್ಯಾಟರಿಯ ಎರಡೂ ತಂತಿ, ಎಂಜಿನ್ ಕಂಪ್ಯೂಟರಿನ ಪ್ಲಗ್ಗು ಬಿಚ್ಚಿ. ಬೆಸೆಯುವ ಜಾಗದ ಹಿಂದೆ ಫೋಮ್ ಇದ್ದರೆ ಒಂದು ಗೇಣು ದೂರದವರೆಗೂ ಕಿತ್ತುಹಾಕಿ, ಅದರ ಹೊಗೆ ವಿಷ.

ಬಿರುಕಿನ ಎರಡೂ ತುದಿಯಲ್ಲಿ 3 ಮಿ.ಮೀ. ತೂತು ಕೊರೆಯಿರಿ. ಕಾಣುವ ತುದಿಗಿಂತ ನಾಲ್ಕೈದು ಮಿ.ಮೀ. ಆಚೆ ಕೊರೆಯಿರಿ, ನಿಜವಾದ ತುದಿ ಅಲ್ಲಿರುತ್ತದೆ. ಕಾರ್ಬೈಡ್ ಬರ್ರಿನಿಂದ ಬಿರುಕನ್ನು ವಿ ಆಕಾರಕ್ಕೆ ತೆರೆಯಿರಿ. ಕಬ್ಬಿಣ ಉಜ್ಜಿದ ಗ್ರೈಂಡಿಂಗ್ ಚಕ್ರ ಮುಟ್ಟಿಸಬೇಡಿ. ಅಸಿಟೋನಿನಿಂದ ಒರೆಸಿ, ಅಲ್ಯೂಮಿನಿಯಮಿಗೆಂದೇ ಮೀಸಲಿಟ್ಟ ಸ್ಟೇನ್‌ಲೆಸ್ ಬ್ರಷ್ಷಿನಿಂದ ಉಜ್ಜಿ. ಕ್ರಮ ಹೀಗೇ ಇರಲಿ. ಒರೆಸುವ ಮೊದಲೇ ಉಜ್ಜಿದರೆ ಜಿಡ್ಡನ್ನು ಒಳಗೆ ತಿಕ್ಕಿದಂತೆ. ಬ್ರೇಕ್ ಕ್ಲೀನರ್ ಮಾತ್ರ ಬಳಸಬೇಡಿ. ಕ್ಲೋರಿನ್ ಇರುವ ಬಗೆಯದಾದರೆ ಬೆಸುಗೆಯ ಬೆಂಕಿಗೆ ಅದು ಫಾಸ್ಜೀನ್ ಆಗುತ್ತದೆ, ಪ್ರಾಣ ತೆಗೆಯುವ ಅನಿಲ.

ಯಾಕಿಷ್ಟು ಶುದ್ಧಿ? ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಅದರ ಮೈಮೇಲಿನ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿ ದಾಟಬೇಕು. ಪೊರೆ ಉಳಿದರೆ ಒಳಗೆ ಲೋಹ ಕರಗಿದ್ದರೂ ಎರಡು ಅಂಚು ಕೂಡುವುದಿಲ್ಲ, ಚೀಲದೊಳಗಿನ ನೀರಿನಂತೆ ಬೇರೆಬೇರೆಯೇ ಇರುತ್ತವೆ. ತೇವ, ಎಣ್ಣೆಯಿಂದ ಬಂದ ಹೈಡ್ರೋಜನ್ ಕರಗಿದ ಲೋಹದಲ್ಲಿ ಸೇರಿ, ಲೋಹ ಗಟ್ಟಿಯಾಗುವಾಗ ಗುಳ್ಳೆಯಾಗಿ ಸಿಕ್ಕಿಬೀಳುತ್ತದೆ. ಗುಳ್ಳೆ ಗುಳ್ಳೆ ಕೂಡಿದರೆ ನೀರಿಗೆ ದಾರಿ. ನದಿಯಲ್ಲಿದ್ದ ದೋಣಿಯ ಬಿರುಕಿನಲ್ಲಿ ತೇವ ಇದ್ದೇ ಇರುತ್ತದೆ. ಹಿಂದಿನ ದಿನವೇ ಒಣಗಿಸಿ, ಬೆಸೆಯುವ ಮುನ್ನ ಹೀಟ್ ಗನ್ನಿನಿಂದ ಕೈಗೆ ಬೆಚ್ಚಗಾಗುವಷ್ಟು ಕಾಸಿ. ತಗಡು 5083 (ದೋಣಿಗೆ ಬಳಸುವ, ಮೆಗ್ನೀಸಿಯಂ ಬೆರೆತ ಅಲ್ಯೂಮಿನಿಯಂ ಜಾತಿ) ಆಗಿದ್ದರೆ ಹೆಚ್ಚು ಹೊತ್ತು ಬಿಸಿಯಲ್ಲಿ ಇಡಬೇಡಿ.

ಟಿಗ್ (ಟಂಗ್‌ಸ್ಟನ್ ಮೊನೆಯ ಕಿಡಿಯಿಂದ ಮಾಡುವ ಬೆಸುಗೆ) ಆದರೆ ಎಸಿ ಕರೆಂಟು, ಶುದ್ಧ ಆರ್ಗಾನ್. 3 ಮಿ.ಮೀ. ತಗಡಿಗೆ ಸುಮಾರು 120 ಆಂಪಿಯರ್, 4 ಮಿ.ಮೀ.ಗೆ 150-160ರಿಂದ ಶುರುಮಾಡಿ, ಅದೇ ದಪ್ಪದ ಚೂರಿನ ಮೇಲೆ ಕೈ ಕೂರಿಸಿಕೊಳ್ಳಿ. ಕರಗಿಸಿ ತುಂಬುವ ಕಡ್ಡಿ 5356 ಜಾತಿಯದು, ತಗಡು 5083 ಆಗಿದ್ದರೆ 5183 ಇನ್ನೂ ಒಳ್ಳೆಯದು. ಅಂಗಡಿಯಲ್ಲಿ ಸುಲಭವಾಗಿ ಸಿಗುವ 4043 ಕಡ್ಡಿಯನ್ನು 5083ಕ್ಕೆ ಹಾಕಬೇಡಿ. ಕಡ್ಡಿಯ ಸಿಲಿಕಾನ್, ತಗಡಿನ ಮೆಗ್ನೀಸಿಯಂ ಸೇರಿ ಬೆಸುಗೆ ಪೆಡಸಾಗಿ ಮುರಿಯುತ್ತದೆ.

ಒಂದು ಬದಿ ಬೆಸೆದ ಮೇಲೆ ಸಾಧ್ಯವಿದ್ದರೆ ಆಚೆ ಬದಿಯಿಂದ ಬೆಸುಗೆಯ ಬುಡದವರೆಗೂ ಕೊರೆದು ಹೊಳೆಯುವ ಲೋಹ ಕಂಡ ಮೇಲೆ ಅಲ್ಲೂ ಬೆಸೆಯಿರಿ. ಮುಗಿಸುವಾಗ ಬೆಸುಗೆಯ ಟಾರ್ಚನ್ನು ತಟ್ಟನೆ ಎತ್ತಿದರೆ ಕೊನೆಯ ಕುಳಿಯಲ್ಲಿ ನಕ್ಷತ್ರದಂಥ ಬಿರುಕು ಬೀಳುತ್ತದೆ. ಕರೆಂಟು ಇಳಿಸುತ್ತಾ, ಕಡ್ಡಿ ಕೊಡುತ್ತಾ, ಕುಳಿ ತುಂಬಿ ನಿಲ್ಲಿಸಿ. ತೇಪೆ ಹಾಕುವುದಾದರೆ ಅದೇ ಜಾತಿಯ ತಗಡು, ಮೂಲೆಗಳೆಲ್ಲ ದುಂಡು.

ಬಿರುಕು ಯಾಕೆ ಬಂತು ಎಂಬುದಕ್ಕೂ ಉತ್ತರ ಬೇಕು. ಕಲ್ಲು ಬಡಿದು ಬಂದದ್ದಾದರೆ ಬೆಸೆದು ಬಿಡಿ. ಉದ್ದಪಟ್ಟಿಯ ತುದಿಯಲ್ಲಿ ಬಂದದ್ದಾದರೆ ಬೆಸೆದ ಜಾಗದ ಪಕ್ಕದಲ್ಲೇ ಮತ್ತೆ ಬರುತ್ತದೆ. ಪಟ್ಟಿ ತಟ್ಟನೆ ಮುಗಿದಿರುವುದರಿಂದ ತಗಡು ಅದೊಂದೇ ಗೆರೆಯಲ್ಲಿ ಮಡಚಿ ಬಿಡಿಸಿ ದಣಿದಿರುತ್ತದೆ. ಪಟ್ಟಿಯನ್ನು ಮುಂದಿನ ಅಡ್ಡಪಕ್ಕೆಯವರೆಗೆ ಉದ್ದ ಮಾಡಿ, ಆಗದಿದ್ದರೆ ತುದಿಯನ್ನು ಇಳಿಜಾರಾಗಿ ಕೊಯ್ದು ಸಪೂರ ಮಾಡಿ.

ರಿವೆಟ್ಟಿನ ಒಡಲಾದರೆ

ಹಳೆಯ ರಿವೆಟ್ಟಿನ ಮೀನು ದೋಣಿಗೆ ಜೆಟ್ ಕೂರಿಸಿದವರೂ ಇದ್ದಾರೆ. ಸಡಿಲ ರಿವೆಟ್ಟನ್ನು ಇಬ್ಬರು ಸೇರಿ, ಒಬ್ಬರು ಒಳಗೆ ಭಾರದ ಕಬ್ಬಿಣ ಒತ್ತಿಹಿಡಿದು, ಇನ್ನೊಬ್ಬರು ಹೊರಗಿನಿಂದ ಬಡಿದು ಬಿಗಿಮಾಡಬಹುದು. ತೂತು ಅಗಲವಾಗಿದ್ದರೆ ಒಂದು ಅಳತೆ ದೊಡ್ಡ ರಿವೆಟ್ಟು ಹಾಕಿ. ಒಂದೇ ಬದಿಯಿಂದ ಹಾಕುವುದಾದರೆ ತುದಿ ಮುಚ್ಚಿದ ಬಗೆಯದನ್ನೇ, ಸೀಲೆಂಟಿನಲ್ಲಿ ಅದ್ದಿ ಹಾಕಿ. ಸಾಲುಗಳಿಗೆ ಒಳಗಿನಿಂದ ಗ್ಲೂವಿಟ್ ಥರದ ತೆಳು ಎಪಾಕ್ಸಿ ಬಳಿಯಬಹುದು. ರಿವೆಟ್ಟಿನ ಪಕ್ಕದಲ್ಲಿ ಬೆಸೆಯಲು ಹೋಗಬೇಡಿ, ಶಾಖಕ್ಕೆ ನೆರೆಯ ರಿವೆಟ್ಟುಗಳು ಸಡಿಲಾಗುತ್ತವೆ.

ಬಿಳಿ ಪುಡಿಯ ಜಾಗಗಳು

ಬಿರುಕಲ್ಲದ ಸೂಜಿತೂತುಗಳು ಸಾಲಾಗಿ ಕಂಡರೆ ಲೋಹ ತಿನ್ನಲ್ಪಡುತ್ತಿದೆ. ಒದ್ದೆ ಕಾರ್ಪೆಟ್, ತಾಮ್ರದ ರಸಾಯನ ಕುಡಿಸಿದ ಮರದ ಹಲಗೆ, ತಳದಲ್ಲಿ ಬಿದ್ದ ನಾಣ್ಯ, ಸೀಸದ ಗಾಳದ ಗುಂಡು, ನೇರ ತಗಡಿಗೆ ಬಿಗಿದ ಸ್ಟೇನ್‌ಲೆಸ್ ಬೋಲ್ಟು, ಇವೆಲ್ಲ ನೀರಿನಲ್ಲಿ ಅಲ್ಯೂಮಿನಿಯಮಿನ ಶತ್ರುಗಳು. ತಿಂದ ಜಾಗ ಕೊರೆದು ಬೆಸೆಯಿರಿ, ತೆಳುವಾಗಿದ್ದರೆ ತಗಡು ಕತ್ತರಿಸಿ ಹೊಸದು ಕೂರಿಸಿ. ಬೋಲ್ಟುಗಳ ಅಡಿಗೆ ನೈಲಾನ್ ವಾಷರ್, ಮೈಗೆ ಡ್ಯುರಾಲಾಕ್ ಅಥವಾ ಟೆಫ್-ಜೆಲ್ ಥರದ, ಲೋಹ ತಿನ್ನುವುದನ್ನು ತಡೆಯುವ ಪೇಸ್ಟು ಹಚ್ಚಿ. ಒಡಲಿನ ಬದಲು ತಾನೇ ಸವೆಯಲೆಂದು ಕೂರಿಸುವ ಲೋಹದ ತುಂಡು, ಅಂದರೆ ಬಲಿಗೊಡುವ ಆನೋಡು, ಸಿಹಿನೀರಿಗೆ ಮೆಗ್ನೀಸಿಯಂ, ಉಪ್ಪುನೀರಿಗೆ ಸತು ಅಥವಾ ಅಲ್ಯೂಮಿನಿಯಂ. ತಾಮ್ರ ಬೆರೆಸಿದ ತಳದ ಬಣ್ಣ ಬೇಡ.

ನದಿಯ ನಡುವೆ ಸೋರಿದರೆ

ದೋಣಿಯಲ್ಲಿ ಯಾವಾಗಲೂ ಇರಲಿ: ಒದ್ದೆಯಲ್ಲೂ ಗಟ್ಟಿಯಾಗುವ ಎಪಾಕ್ಸಿ ಉಂಡೆ, ಬ್ಯೂಟೈಲ್ ಟೇಪು, ಒಂದು ತುಂಡು ರಬ್ಬರ್ ಹಾಳೆ, ಮರದ ಬೆಣೆಗಳು, ಹೆಚ್ಚುವರಿ ಬಿರಡೆ, ಬಕೆಟ್ಟು. ಜಲ್ಲಿದಿಬ್ಬಕ್ಕೆ ಎಳೆದು, ರಬ್ಬರನ್ನು ಒಳಗಿನಿಂದ ಬಿರುಕಿನ ಮೇಲಿಟ್ಟು ಹಲಗೆಯಿಂದ ಒತ್ತಿ ಬೆಣೆ ಹೊಡೆಯಿರಿ. ಮನೆ ಮುಟ್ಟಲು ಸಾಕು. ತಳದ ನೀರನ್ನು ಹೊರಹಾಕುವ ಬಿಲ್ಜ್ ಪಂಪಿನ ಡಬ್ಬಿಯ ಮೇಲಿನ ಅಂಕಿ ಪೈಪಿನ ಎತ್ತರ ಲೆಕ್ಕಕ್ಕೆ ತೆಗೆದುಕೊಳ್ಳದೆ ಬರೆದದ್ದು, ನಿಜದಲ್ಲಿ ಕಡಿಮೆಯೇ ಹೊರಹಾಕುತ್ತದೆ. ಬೇಕೆನಿಸಿದ್ದಕ್ಕಿಂತ ಒಂದು ಅಳತೆ ದೊಡ್ಡದನ್ನು ಫ್ಲೋಟ್ ಸ್ವಿಚ್ಚಿನೊಂದಿಗೆ ಹಿಂಬದಿಯ ತೀರಾ ತಗ್ಗಿನಲ್ಲಿ ಕೂರಿಸಿ.

ಮತ್ತೆ ನೀರಿಗೆ

ಮೊದಲು ಮಾಡಿದ ಅವೇ ಮೂರು ಅಳತೆಗಳನ್ನು ಅದೇ ಕ್ರಮದಲ್ಲಿ ಮಾಡಿ: ನಿಂತು ಅರ್ಧ ಗಂಟೆ, ನಿಧಾನಗತಿ ಹತ್ತು ನಿಮಿಷ, ವೇಗ ಹತ್ತು ನಿಮಿಷ. ಜೊತೆಗೆ ನಾಲ್ಕನೆಯದು: ವೇಗವಾಗಿ ಓಡಿಸಿ ಬಂದು ಎಂಜಿನ್ ನಿಲ್ಲಿಸಿ ಕಾಲು ಗಂಟೆ ಕಟ್ಟಿಹಾಕಿ. ಸೈಫನ್ ತಿರುಗಿದ್ದರೆ ಆಗಲೇ ಸಿಗುತ್ತದೆ. ಜೀವರಕ್ಷಕ ಜಾಕೆಟ್ ತೊಟ್ಟೇ ಇಳಿಯಿರಿ. ಇಲ್ಲಿ ದಡದಿಂದ 200 ಮೀಟರ್ ಒಳಗೆ 5 ನಾಟ್ (ಗಂಟೆಗೆ ಸುಮಾರು 9 ಕಿ.ಮೀ.) ವೇಗಮಿತಿ ಇದೆ, ವಿನಾಯಿತಿ ಇರುವ ನದಿಭಾಗ ಯಾವುದೆಂದು ಪ್ರಾದೇಶಿಕ ಕೌನ್ಸಿಲ್ಲಿನ ನಿಯಮ ನೋಡಿಕೊಂಡೇ ವೇಗದ ಪರೀಕ್ಷೆ ಮಾಡಿ.

ಹಿಂಡಿ ಅಳೆದ ನೀರನ್ನು ಅದೇ ನದಿಯ ದಡದಲ್ಲೇ ಚೆಲ್ಲಿ. ದಕ್ಷಿಣ ದ್ವೀಪದಲ್ಲಿ 2004ರಲ್ಲಿ ಡಿಡಿಮೊ ಎಂಬ ಪಾಚಿ ಪತ್ತೆಯಾಯಿತು. ಒಂದು ಹನಿ ನೀರಿನಲ್ಲಿ ಅದು ಇನ್ನೊಂದು ನದಿಗೆ ಹೋಗುತ್ತದೆ, ಸೋರುವ ದೋಣಿಯ ತಳ ಅದಕ್ಕೆ ಒಳ್ಳೆಯ ಸವಾರಿ. ಬಿರಡೆ ತೆಗೆದು, ಸ್ಪಂಜು, ಪಂಪಿನ ಜಾಲರಿ, ಒಳತಳ ಎಲ್ಲವನ್ನೂ ತೊಳೆದು, ಮುಟ್ಟಿದರೆ ಒಣಗಿದೆ ಅನ್ನಿಸಿದ ಮೇಲೂ 48 ಗಂಟೆ ಬಿಟ್ಟು ಇನ್ನೊಂದು ನದಿಗೆ ಇಳಿಸಿ. ತೆಗೆದ ಬಿರಡೆಯನ್ನು ನಾನು ಎಂಜಿನ್ ಕೀಲಿಯ ದಾರಕ್ಕೇ ಕಟ್ಟಿಡುತ್ತೇನೆ.